ಆಕರಕೋಶ ಚಿಕಿತ್ಸೆಗೆ ಒಪ್ಪುವ ಮುನ್ನ

ಚೆನ್ನೈಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗೆ ಊರಿನ ಬಂಧುಗಳು ಬರುವುದು ಕಂಚಿ, ತಿರುಪತಿಗಳ ಯಾತ್ರೆಗೆ ಮಾತ್ರವಲ್ಲ. ದೊಡ್ಡ ಆಸ್ಪತ್ರೆಗಳನ್ನು ಅರಸಿಯೂ ಬರುತ್ತಾರೆ. ವೈದ್ಯರು ಸ್ಟೆಮ್ ಸೆಲ್ ಎಂದು ಕರೆಯುವ ಆಕರಕೋಶಗಳ ಚಿಕಿತ್ಸೆಯನ್ನು ಮಾಡಿಸಬಹುದೆ ಎಂದು ಅವರು ಕೇಳಿದರೆ, ಯಾವ ರೋಗಕ್ಕೆ ಎಂಬುದನ್ನು ನಾವು ಮೊದಲು ವಿಚಾರಿಸಬೇಕು.

ರಕ್ತದ ಕ್ಯಾನ್ಸರ್, ಥಲಸೀಮಿಯ ಮೊದಲಾದ ರಕ್ತರೋಗಗಳಲ್ಲಿ ಇದು ಪರೀಕ್ಷೆಗೆ ನಿಂತು ಗೆದ್ದ ಚಿಕಿತ್ಸೆ. ಅಸ್ಥಿಮಜ್ಜೆಯ ಕಸಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲಿ, ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1986ರಲ್ಲಿ ಆರಂಭವಾಯಿತು. ಹಾಗೆಂದು ಇದು ನಿರಪಾಯವಲ್ಲ. ಕಸಿಗೆ ಮುನ್ನ ತೀವ್ರ ಔಷಧಗಳಿಂದ ರೋಗಿಯ ಮಜ್ಜೆಯನ್ನು ಬರಿದುಮಾಡುತ್ತಾರೆ. ಹೊಸ ಕೋಶಗಳು ಬೇರೂರಲು ಸುಮಾರು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಸಾಮಾನ್ಯ ಸೋಂಕೂ ಪ್ರಾಣಕ್ಕೆ ಎರವಾಗಬಲ್ಲದು. ಬಾಯಿಹುಣ್ಣು, ಕೂದಲುದುರುವಿಕೆಗಳು ತಾತ್ಕಾಲಿಕ. ಸಂತಾನಶಕ್ತಿಯ ನಷ್ಟ ಶಾಶ್ವತವಾಗಬಹುದು. ಮತ್ತೊಬ್ಬರಿಂದ ಪಡೆದ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತುಗಳನ್ನೇ ಪರಕೀಯವೆಂದೆಣಿಸಿ ಆಕ್ರಮಿಸುವುದುಂಟು. ಬಂದ ಅತಿಥಿ ಮನೆಯ ಯಜಮಾನನನ್ನೇ ಹೊರದಬ್ಬಿದಂತೆ! ಆದುದರಿಂದಲೇ ಹೊಂದಿಕೆಯಾಗುವ ದಾನಿಗಾಗಿ ಅಷ್ಟೊಂದು ಹುಡುಕಾಟ. ಒಡಹುಟ್ಟಿದವರಲ್ಲಿ ಒಬ್ಬೊಬ್ಬರೂ ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ. ಈ ನಗರದಲ್ಲಿಯೇ 2009ರಲ್ಲಿ ಸ್ಥಾಪಿತವಾದ 'ದಾತ್ರಿ' ಸಂಸ್ಥೆ ಸ್ವಯಂಪ್ರೇರಿತ ದಾನಿಗಳ ಪಟ್ಟಿಯನ್ನಿಟ್ಟಿದೆ.

ಇಷ್ಟೆಲ್ಲ ಅಪಾಯಗಳನ್ನು ವೈದ್ಯರು ಬಲ್ಲರು. ಅದನ್ನು ಎದುರಿಸುವ ಸಿದ್ಧತೆಯೂ ಉಂಟು. ಭಯಪಡಬೇಕಾದುದು ಅಪಾಯವೇ ಇಲ್ಲವೆಂಬ ಭರವಸೆಗೆ. ಆಟಿಸಂ, ಪಾರ್ಶ್ವವಾಯು, ಬೆನ್ನುಹುರಿಯ ಗಾಯ ಇವುಗಳಿಗೆ ಆಕರಕೋಶಗಳ ಚುಚ್ಚುಮದ್ದು ಕೊಡುವೆವೆನ್ನುವವರು 'ನಿಮ್ಮದೇ ಕೋಶ, ಹಾನಿ ಹೇಗಾದೀತು?' ಎನ್ನುತ್ತಾರೆ. ಅಮೆರಿಕೆಯ ಫ್ಲಾರಿಡಾದಲ್ಲಿ 2015ರಲ್ಲಿ ಮೂವರು ವೃದ್ಧೆಯರ ಕಣ್ಣುಗಳಿಗೆ ಅವರವರ ಕೊಬ್ಬಿನಿಂದಲೇ ತೆಗೆದ ಕೋಶಗಳನ್ನು ಚುಚ್ಚಲಾಯಿತು, ಅದೂ ಒಂದೇ ದಿನ ಎರಡೂ ಕಣ್ಣಿಗೆ. ಇದ್ದ ದೃಷ್ಟಿಯೂ ಬಹುಪಾಲು ಹೋಯಿತು. ಮಾಸ್ಕೋದಲ್ಲಿ 2001ರಿಂದ ಭ್ರೂಣದ ನರಕೋಶಗಳನ್ನು ಪಡೆದ ಇಸ್ರೇಲಿ ಬಾಲಕನ ಮಿದುಳು, ಬೆನ್ನುಹುರಿಗಳಲ್ಲಿ ಗೆಡ್ಡೆಗಳೆದ್ದವು. ಅವು ದಾನಿಗಳ ಕೋಶಗಳಿಂದಲೇ ಬೆಳೆದವೆಂದು 2009ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ರಕ್ತಸಂಬಂಧಿ ಕಾಯಿಲೆಗಳನ್ನು ಬಿಟ್ಟು ಉಳಿದೆಡೆ ಈ ಕೋಶಗಳ ಬಳಕೆ ಸಂಶೋಧನೆಯ ಮಟ್ಟದಲ್ಲಿದೆ. ಸಂಶೋಧನೆಯಾದರೆ ಅದು ನೋಂದಣಿಯಾಗಿರಬೇಕು, ನೈತಿಕ ಸಮಿತಿಯ ಒಪ್ಪಿಗೆ ಪಡೆದಿರಬೇಕು. ರೋಗಿಯಿಂದ ಶುಲ್ಕ ವಸೂಲು ಮಾಡುವಂತಿಲ್ಲ. ಬಂಧುಗಳೊಡನೆ ಆಸ್ಪತ್ರೆಗೆ ಹೋಗುವವರು ಈ ನೋಂದಣಿ ಸಂಖ್ಯೆಯನ್ನೂ, ಮುಂಗಡ ಹಣದ ರಸೀತಿ ಯಾವ ಹೆಸರಿನಲ್ಲಿದೆ ಎಂಬುದನ್ನೂ ಸಂಕೋಚವಿಲ್ಲದೆ ಕೇಳಿ ಬರೆದುಕೊಳ್ಳತಕ್ಕದ್ದು.