ಲೈನ್ ಸೂಪರ್‌ವೈಸರ್ ಮನಸ್ಸು ಮಾಡಿದರೆ

ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ದುಡಿಯುತ್ತಿದ್ದ ತಾಯಿಯೊಬ್ಬರು ನಮ್ಮ ಸ್ವಸಹಾಯ ಸಂಘದ ಸಭೆಯಲ್ಲಿ ಕಣ್ಣೀರು ಹಾಕಿದರು. “ಸಿಸ್ಟರ್, ಮೊಬೈಲ್ ಒಳಗೆ ಬಿಡಲ್ಲ. ಮಗೂಗೆ ಫಿಟ್ಸ್ ಬಂದಿದೆ ಅಂತ ಅಂಗನವಾಡಿಯಿಂದ ಹನ್ನೊಂದು ಗಂಟೆಗೇ ಆಫೀಸಿಗೆ ಫೋನ್ ಬಂದಿತ್ತಂತೆ. ನಂಗೆ ಹೇಳಿದ್ದು ಊಟದ ಬೆಲ್ ಆದ್ಮೇಲೆ. ಕೇಳಿದ್ರೆ, ಟಾರ್ಗೆಟ್ ಇತ್ತಮ್ಮಾ ಅಂದ್ರು.” ಮಗು ಉಳಿಯಿತು. ಆದರೆ ಮರುವಾರವೇ ಆಕೆ ಕೆಲಸ ಬಿಟ್ಟರು. ನುರಿತ ಟೈಲರ್ ಒಬ್ಬರನ್ನು ಕಾರ್ಖಾನೆಯೂ ಕಳೆದುಕೊಂಡಿತು.

ಸೂಪರ್‌ವೈಸರ್ ಕೂಡ ದುಡಿಯುವವರೇ. ಅವರ ಮೇಲೂ ಮೇಲಿನವರ ಒತ್ತಡವಿದೆ. ಹಾಗಿದ್ದರೂ ಅವರ ಕೈಯಲ್ಲಿ ಆಗುವ ಕೆಲವು ಕೆಲಸಗಳಿವೆ.

ಮೊದಲನೆಯದಾಗಿ, ಮನೆಯಿಂದ ಬಂದ ತುರ್ತು ಸುದ್ದಿಯನ್ನು ಆ ಕ್ಷಣವೇ ತಿಳಿಸಿ. ಇದಕ್ಕೆ ಯಾರ ಅಪ್ಪಣೆಯೂ ಬೇಡ.

ಎರಡನೆಯದಾಗಿ, ಪ್ರತಿಯೊಂದು ಕೆಲಸವನ್ನು ಇಬ್ಬರಿಗಾದರೂ ಕಲಿಸಿಡಿ. ಕಾಲರ್ ಕೂರಿಸುವುದು ಒಬ್ಬರಿಗೇ ಗೊತ್ತಿದ್ದರೆ ಅವರು ರಜೆ ಕೇಳಿದ ದಿನ ಲೈನ್ ನಿಲ್ಲುತ್ತದೆ, ಬೈಗುಳ ಶುರುವಾಗುತ್ತದೆ. ರಜೆ ಕೊಡಲು ಒಳ್ಳೆಯ ಮನಸ್ಸಷ್ಟೇ ಸಾಲದು, ಮುಂಚಿತ ತಯಾರಿಯೂ ಬೇಕು.

ಮೂರನೆಯದಾಗಿ, ಓಟಿ ಇದ್ದರೆ ಬೆಳಿಗ್ಗೆಯೇ ಹೇಳಿ. ಸಂಜೆ ಐದಕ್ಕೆ ಹೇಳಿದರೆ ಮಗುವನ್ನು ಕರೆತರಲು ಆಕೆ ಯಾರನ್ನು ಕೇಳಬೇಕು? “ಆಗಲ್ಲ” ಅಂದವರ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡಿ.

ನಾಲ್ಕನೆಯದಾಗಿ, ಕಾನೂನು ಕೊಟ್ಟದ್ದನ್ನು ಉಪಕಾರವೆಂಬಂತೆ ಕೊಡಬೇಡಿ. ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರವಿರಬೇಕು. ತಾಯಿ ದಿನಕ್ಕೆ 4 ಸಲ ಅಲ್ಲಿಗೆ ಹೋಗಿಬರಬಹುದು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಇವನ್ನು ಉಳಿಸಿಕೊಂಡಿದೆ. ಆದರೆ “ಪೀಸ್ ಮುಗಿಸಿ ಹೋಗು” ಎಂದು ತಡೆದರೆ ಆ ಹಕ್ಕು ಕಾಗದದ ಮೇಲೇ ಉಳಿಯುತ್ತದೆ. ತಾಯಿಗೂ ಆ ಕೋಣೆಗೂ ನಡುವೆ ನಿಂತಿರುವವರು ನೀವೇ.

ಕೊನೆಯದಾಗಿ, ಗಂಡಸರಿಗೂ ಮನೆಯಿದೆ. ಮಗುವನ್ನು ಆಸ್ಪತ್ರೆಗೆ ತೋರಿಸಬೇಕೆಂದು ಕೇಳುವ ತಂದೆಗೆ “ಹೆಂಡ್ತಿ ಇಲ್ವಾ?” ಎನ್ನಬೇಡಿ. ಅವರಿಗೆ ರಜೆ ಸಿಕ್ಕರೆ ಇನ್ನೊಂದು ಕಾರ್ಖಾನೆಯಲ್ಲಿ ಅವರ ಹೆಂಡತಿಯ ಒಂದು ದಿನದ ಸಂಬಳ ಉಳಿಯುತ್ತದೆ.

ಈ ಐದೂ ಒಟ್ಟಿಗೆ ಆಗದಿರಬಹುದು. ತುರ್ತು ಸುದ್ದಿಯಿಂದಲೇ ಆರಂಭಿಸಿ. ನಾಳೆ ಬೆಳಿಗ್ಗೆ ಲೈನಿನ ಎಲ್ಲರ ಮನೆಯ ಒಂದೊಂದು ಫೋನ್ ನಂಬರನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ, ನಿಮ್ಮದನ್ನು ಅವರ ಮನೆಯವರಿಗೆ ಕೊಡಿ.