63 ರಾಶಿ ಬಾಳೆಹಣ್ಣು, 23 ದಾರಿಹೋಕರು

‘ಹತ್ತನೇ ಇಯತ್ತೆವರೆಗೆ ಕನ್ನಡದಾಗ ಗಣಿತ ಕಲಿತ ಹುಡುಗ ಬಿ.ಎಸ್ಸಿ.ಗೆ ಹೋದರ ಏನು ಗತಿ ಗುರುಗಳ?’ ಉಮದಿ, ಸಂಖ ಕಡೆಯ ಪಾಲಕರು ನನಗೆ ಕೇಳುವ ಪ್ರಶ್ನೆ ಇದು. ಇದೇ ಭಯಕ್ಕೆ ಐದನೇ ಇಯತ್ತೆಗೇ ಮಗುವನ್ನು ಕನ್ನಡ ಶಾಲೆ ಬಿಡಿಸಿ ಸೆಮಿ ಇಂಗ್ಲಿಷ್‌ಗೆ ಹಾಕಿದವರೂ ಇದ್ದಾರೆ. ಹಾಗಾದರೆ ಪದವಿಯ ಒಂದು ವಿಷಯವನ್ನೇ ಬಿಚ್ಚಿ ನೋಡೋಣ: ನಂಬರ್ ಥಿಯರಿ, ಅಂದರೆ ಸಂಖ್ಯಾ ಸಿದ್ಧಾಂತ. ಹೆಸರಿನ ಅಕ್ಷರ ಕೂಡಿಸಿ ಭವಿಷ್ಯ ಹೇಳುವವರ ವಿದ್ಯೆ ಬೇರೆ, ಇದು ಬೇರೆ.

ಈ ವಿಷಯದ ಮೊದಲ ಪಾಠಗಳಲ್ಲಿ ಬರುವುದು ಭಾಗಾಕಾರ, ಶೇಷ, ಮ.ಸಾ.ಅ., ಅವಿಭಾಜ್ಯ ಸಂಖ್ಯೆ. ಇವೆಲ್ಲ ನಮ್ಮ ಮಕ್ಕಳು ಶಾಲೆಯಲ್ಲೇ ಕಲಿತಿರುವವು. ಮುಂದೆ ಬರುವ ಕಠಿಣ ಲೆಕ್ಕದ ಜಾತಿ ಯಾವುದೆಂಬುದಕ್ಕೆ ನಮ್ಮ ನೆಲದ್ದೇ ಒಂದು ಉದಾಹರಣೆ ಇದೆ.

ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಲ್ಲಿ ಹೊರತಂದರು. ಅದರಲ್ಲಿನ ಒಂದು ಲೆಕ್ಕ ಹೀಗಿದೆ. ಕಾಡಿನಂಚಿನಲ್ಲಿ ಬಾಳೆಹಣ್ಣಿನ 63 ಸಮ ರಾಶಿಗಳಿವೆ, ಜೊತೆಗೆ ಬಿಡಿ ಹಣ್ಣು 7. 23 ದಾರಿಹೋಕರು ಎಲ್ಲವನ್ನೂ ಸಮನಾಗಿ ಹಂಚಿಕೊಂಡರು, ಒಂದೂ ಉಳಿಯಲಿಲ್ಲ. ಒಂದು ರಾಶಿಯಲ್ಲಿ ಎಷ್ಟು ಹಣ್ಣು? (ಜತ್ತದ ಮಕ್ಕಳಿಗೆ ಬೇಕಾದರೆ ದಾಳಿಂಬೆ ಎನ್ನಿ.)

ಏಳನೇ ಇಯತ್ತೆಯ ಮಗು ಇದನ್ನು ಮಾಡಬಲ್ಲದು. 63ನ್ನು 23ರಿಂದ ಭಾಗಿಸಿದರೆ ಶೇಷ 17. ಆದ್ದರಿಂದ ರಾಶಿಗೆ ಒಂದೊಂದು ಹಣ್ಣು ಹೆಚ್ಚಿದಂತೆ ಶೇಷಕ್ಕೆ 17 ಕೂಡುತ್ತದೆ. ರಾಶಿಗೆ ಒಂದೇ ಹಣ್ಣಿದ್ದರೆ 17ಕ್ಕೆ 7 ಕೂಡಿ 24, ಶೇಷ 1. ಎರಡಿದ್ದರೆ ಶೇಷ 18, ಮೂರಕ್ಕೆ 12, ನಾಲ್ಕಕ್ಕೆ 6, ಐದಕ್ಕೆ ಸೊನ್ನೆ. ರಾಶಿಗೆ 5 ಹಣ್ಣು, ಒಟ್ಟು 322, ತಲೆಗೆ 14. ಉತ್ತರ ಇದೊಂದೇ ಅಲ್ಲ: 5ಕ್ಕೆ 23 ಕೂಡಿಸಿ 28 ಎಂದರೂ ಸರಿ, 51 ಎಂದರೂ ಸರಿ.

ಸಂಖ್ಯೆ ದೊಡ್ಡದಾದರೆ ಹೀಗೆ ಒಂದೊಂದಾಗಿ ನೋಡುತ್ತ ಕೂಡಲಾಗದು. ಅದಕ್ಕೆ ಆಚಾರ್ಯರು ಹೇಳುವ ಕ್ರಮದ ಹೆಸರು ಕುಟ್ಟೀಕಾರ. ನಮ್ಮ ‘ಕುಟ್ಟುವುದು’ ನೆನಪಾಗುವ ಹೆಸರು, ಕೆಲಸವೂ ಅದೇ: 63, 23ರಿಂದ 17, 6, 5, 1 ಎಂದು ಶೇಷ ತೆಗೆಯುತ್ತ ಸಂಖ್ಯೆಯನ್ನು ಸಣ್ಣದು ಮಾಡುವುದು. ಮ.ಸಾ.ಅ. ತೆಗೆಯುವ ಭಾಗಾಕಾರದ ರೀತಿಯೇ ಇದು. ಕಾಲೇಜಿನಲ್ಲಿ ಇದು ‘ಡಯೋಫಾಂಟೈನ್ ಸಮೀಕರಣ’ವಾಗಿ ಬರುತ್ತದೆ. ಶೇಷಗಳನ್ನೇ ಹಿಡಿದು ಲೆಕ್ಕ ಮಾಡುವುದಕ್ಕೆ ‘ಕಾಂಗ್ರುಯೆನ್ಸ್’ ಎನ್ನುತ್ತಾರೆ. ಅದಕ್ಕೆ ಮೂರು ಗೆರೆಯ ಗುರುತು ಕೊಟ್ಟವರು ಜರ್ಮನಿಯ ಗೌಸ್, 1801ರ ಗ್ರಂಥದಲ್ಲಿ.

ಹಾಗಾದರೆ ಕಷ್ಟವೇ ಇಲ್ಲವೆ? ಇದೆ. ಪುಸ್ತಕ ಇಂಗ್ಲಿಷ್, ಪರೀಕ್ಷೆಯೂ ಇಂಗ್ಲಿಷ್. ಅದಕ್ಕಿಂತ ದೊಡ್ಡ ತೊಡಕೆಂದರೆ ಅಲ್ಲಿ ಉತ್ತರಕ್ಕಿಂತ ಕಾರಣಕ್ಕೆ ಅಂಕ. ‘ಯಾಕೆ’ ಎಂದು ವಾಕ್ಯದಲ್ಲಿ ಬರೆಯಲು ಬಾರದವನು ಯಾವ ಮಾಧ್ಯಮದಿಂದ ಬಂದರೂ ಅಲ್ಲಿ ಎಡವುತ್ತಾನೆ. ಕಾರಣ ಹೇಳುವುದು ಮಗುವಿಗೆ ಮೊದಲು ಬರುವುದು ಮನೆಮಾತಿನಲ್ಲಿ. ಪದಗಳದ್ದು ಅಷ್ಟು ದೊಡ್ಡ ಗುಡ್ಡವಲ್ಲ. ನಾನು ಕನ್ನಡ, ತಮಿಳು ಎರಡೂ ಶಾಲೆ ಕಂಡವನು. ತಮಿಳಿನ ‘ಪಗಾ ಎಣ್’ ಎಂದರೆ ಪಾಲಾಗದ ಸಂಖ್ಯೆ, ಕನ್ನಡದ ‘ಅವಿಭಾಜ್ಯ’ವೂ ಅದನ್ನೇ ಹೇಳುತ್ತದೆ. ಮರಾಠಿಯ ‘ಮೂಳ ಸಂಖ್ಯಾ’ ಮತ್ತು ಇಂಗ್ಲಿಷಿನ ‘ಪ್ರೈಮ್’ ಇವು ಬೇರೆ ಸಂಖ್ಯೆಗಳಿಗೆ ಬೇರು, ಮೊದಲು ಎನ್ನುತ್ತವೆ. ಎಂಟನೇ ಇಯತ್ತೆಯಿಂದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಕನ್ನಡ ಪದದ ಎದುರು ಇಂಗ್ಲಿಷ್ ಪದ ಬರೆಸುತ್ತ ಬಂದರೆ ಹತ್ತರ ಹೊತ್ತಿಗೆ ಸಾಕಷ್ಟು ಕೂಡುತ್ತವೆ.

ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಮಗುವಿಗೆ ಆ ಬಾಳೆಹಣ್ಣಿನ ಲೆಕ್ಕ ಹೇಳಿ. ಆಮೇಲೆ 23ರ ಬದಲು 21 ಜನ ಎನ್ನಿ. ರಾಶಿಯಲ್ಲಿ ಎಷ್ಟೇ ಹಣ್ಣಿದ್ದರೂ ಸಮನಾಗಿ ಹಂಚಲು ಬಾರದು. 63 ರಾಶಿಗಳು 21 ಜನರಿಗೆ ತಲಾ ಮೂರರಂತೆ ಸರಿಹೋಗುತ್ತವೆ, ಬಿಡಿ ಹಣ್ಣು 7 ಹಾಗೇ ಉಳಿಯುತ್ತವೆ. ಆದರೆ ಇದನ್ನು ನೀವು ಹೇಳಬೇಡಿ, ಮಗುವೇ ಹೇಳಲಿ.