ಮೊದಲ ಟಿಲ್ಲರ್: ಜತೆಗೇನು ಬೇಕು, ಏನು ಬೇಡ?

ಟಿಲ್ಲರ್ ತಂದ ವರ್ಷ ಅಂಗಡಿಯಲ್ಲಿ ತೋರಿಸಿದ್ದನ್ನೆಲ್ಲ ನಾನೂ ತಂದೆ. ರೋಟರಿ, ಟ್ರೈಲರ್, ಕೇಜ್ ವೀಲ್, ಸಾಲು ಎಳೆಯುವ ನೇಗಿಲು, ಗದ್ದೆ ಸಮ ಮಾಡುವ ಹಲಗೆ. ಸಾಲ ಹೇಗೂ ಆಗಿದೆ, ಇನ್ನು ಸ್ವಲ್ಪ ಹೆಚ್ಚಾದರೇನು ಎಂಬ ಲೆಕ್ಕ. ಇವತ್ತು ನೇಗಿಲು, ಹಲಗೆ ಎರಡೂ ಹಟ್ಟಿಯ ಮಾಡಿನಡಿ ತುಕ್ಕು ಹಿಡಿಯುತ್ತಿವೆ. ಕೋಳಿಗಳು ಅದರ ಮೇಲೆ ಕೂರುತ್ತವೆ. ಟ್ರೈಲರಿಗೆ ಮಾತ್ರ ವಾರಕ್ಕೆ ನಾಲ್ಕು ದಿನ ಕೆಲಸ. ತರುವಾಗ ನಾನು ಸರಿಯಾಗಿ ನೋಡದೇ ಬಿಟ್ಟದ್ದೂ ಅದನ್ನೇ.

ಹೊಸತಾಗಿ ಟಿಲ್ಲರ್ ಕೊಳ್ಳುವವರು ಈ ತಪ್ಪು ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ದಾರಿ ನೋಡಿ

ನಮ್ಮಲ್ಲಿ ಓಡುವುದು ಹೆಚ್ಚಾಗಿ 12–13 ಅಶ್ವಶಕ್ತಿಯ, ಒಂದೇ ಸಿಲಿಂಡರಿನ ಡೀಸೆಲ್ ಟಿಲ್ಲರುಗಳು. ರೋಟರಿ ಸೇರಿ ತೂಕ ನಾನ್ನೂರು ಕಿಲೋ ದಾಟುತ್ತದೆ. ಟ್ರೈಲರ್, ಅದರ ಮೇಲೆ ಒಂದು ಟನ್ ಗೊಬ್ಬರ ಎಂದಿಟ್ಟುಕೊಳ್ಳಿ. ತೋಟದ ಕಣಿಗೆ ಹಾಕಿದ ಅಡಿಕೆ ಮರದ ಸಂಕ ಇದನ್ನು ತಡೆಯುವುದಿಲ್ಲ. ಕಲ್ಲಿನದೋ ಕಾಂಕ್ರೀಟಿನದೋ ಆಗಬೇಕು.

9 ಅಡಿ ಅಂತರದಲ್ಲಿ ನೆಟ್ಟ ತೋಟವಾದರೂ ಮರದ ಬುಡ, ಕಣಿ, ಹನಿ ನೀರಾವರಿ ಪೈಪು ಕಳೆದರೆ ಉಳಿಯುವ ಜಾಗ ಎಷ್ಟು? ಹಗ್ಗ ಹಿಡಿದು ಅಳೆಯಿರಿ. ಟ್ರೈಲರಿನ ಅಗಲ ಅದಕ್ಕೆ ತಕ್ಕಂತೆ ಇರಲಿ. ತಿರುಗಿಸುವ ಜಾಗ ಎಲ್ಲಿ ಎಂಬುದನ್ನೂ ಮೊದಲೇ ಗುರುತು ಮಾಡಿ. ದಾರಿಯಿಲ್ಲದ ತೋಟಕ್ಕೆ ಯಾವ ಉಪಕರಣ ತಂದರೂ ಅದು ಅಂಗಳದಲ್ಲೇ ಉಳಿಯುತ್ತದೆ.

ಟ್ರೈಲರ್: ಅಂದಕ್ಕಿಂತ ಬ್ರೇಕು ಮುಖ್ಯ

ಹಟ್ಟಿಗೊಬ್ಬರ, ಸೊಪ್ಪು, ಅಡಿಕೆ ಗೊನೆ, ತೆಂಗಿನಕಾಯಿ, ಕಟ್ಟಿಗೆ, ಮುರಕಲ್ಲು ಹೀಗೆ ಸಣ್ಣ ಕೃಷಿಕನಿಗೆ ವರ್ಷವಿಡೀ ಹೊರುವ ಕೆಲಸವೇ. ಹಾಗಾಗಿ ಟ್ರೈಲರ್ ಬೇಕು. ಕೊಳ್ಳುವಾಗ ಬಣ್ಣ ನೋಡಬೇಡಿ, ಅಡಿಗೆ ಬಗ್ಗಿ ನೋಡಿ. ಕಾಲಿನ ಬ್ರೇಕು ಎರಡೂ ಚಕ್ರಗಳನ್ನು ಸಮನಾಗಿ ಹಿಡಿಯುತ್ತದೆಯೇ? ಹೇರು ಹಾಕಿ, ಸಣ್ಣ ಇಳಿಜಾರಿನಲ್ಲಿ ನಿಲ್ಲಿಸಿ ತೋರಿಸಲು ಹೇಳಿ. ಜೋಡಿಸುವ ಪಿನ್ನಿಗೆ ಕಳಚದಂತೆ ಕ್ಲಿಪ್ ಇದೆಯೇ? ಹಿಂದೆ ಕೆಂಪು ರಿಫ್ಲೆಕ್ಟರ್ ಇದೆಯೇ? ಸಂಜೆ ಮುಖ್ಯರಸ್ತೆಗೆ ಇಳಿಯುವವರಿಗೆ ಅದು ತೀರಾ ಅಗತ್ಯ.

ಹೇರಿನ ಲೆಕ್ಕವೂ ಗೊತ್ತಿರಲಿ. ಒಂದು ಮುರಕಲ್ಲು ಕಡಿಮೆಯೆಂದರೂ 25 ಕಿಲೋ ಎಂದರೆ 50 ಕಲ್ಲಿಗೆ ಒಂದೂಕಾಲು ಟನ್. ಸೊಪ್ಪಿನ ಹೇರು ಕಣ್ಣಿಗೆ ಗುಡ್ಡೆಯಷ್ಟು ಕಂಡರೂ ಹಗುರ. ಕಲ್ಲಿನದು ಕಣ್ಣಿಗೆ ಸಣ್ಣದು, ಇಳಿಜಾರಿನಲ್ಲಿ ಯಮಭಾರ.

ಇಳಿಜಾರಿನ ಪಾಠ

ನಾನು ಪಾಠ ಕಲಿತದ್ದು ಇಂಥ ಕಲ್ಲಿನ ಹೇರಿನಿಂದಲೇ. ಟ್ರೈಲರಿನ ಬ್ರೇಕು ಸಡಿಲವಿತ್ತು, ನಾಳೆ ಸರಿಮಾಡಿಸೋಣ ಎಂದುಕೊಂಡಿದ್ದೆ. ಮನೆಗೆ ಇಳಿಯುವ ದಾರಿಯಲ್ಲಿ ಎಡಕ್ಕೆ ತಿರುಗಬೇಕಿತ್ತು. ಎಂದಿನಂತೆ ಎಡಗೈಯ ಕ್ಲಚ್ ಒತ್ತಿದೆ. ಟಿಲ್ಲರ್ ಬಲಕ್ಕೆ ಹೋಯಿತು. ಬಲಕ್ಕಿದ್ದದ್ದು ಎಂಟಡಿ ಆಳದ ಬರೆ. ಹಿಂದೆ ಕೂತಿದ್ದವನು "ಅಣ್ಣಾ, ಬಿಡಿ ಬಿಡಿ!" ಎಂದು ಕೂಗಿ ಹಾರಿದ. ನಾನೂ ಕೈ ಬಿಟ್ಟೆ. ಒಂದು ಹಲಸಿನ ಮರ ಟಿಲ್ಲರನ್ನು ತಡೆಯಿತು. ಇಲ್ಲದಿದ್ದರೆ ಈ ಲೇಖನ ಬರೆಯಲು ನಾನು ಇರುತ್ತಿದ್ದೆನೋ ಇಲ್ಲವೋ.

ಆಮೇಲೆ ಹಳೆಯ ಚಾಲಕರೊಬ್ಬರು ಕಾರಣ ಬಿಡಿಸಿ ಹೇಳಿದರು. ಸಮತಟ್ಟಿನಲ್ಲಿ ಎಡ ಕ್ಲಚ್ ಒತ್ತಿದರೆ ಎಡ ಚಕ್ರಕ್ಕೆ ಇಂಜಿನಿನ ಶಕ್ತಿ ತಪ್ಪುತ್ತದೆ, ಬಲ ಚಕ್ರ ತಳ್ಳುತ್ತದೆ, ಗಾಡಿ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಇಂಜಿನ್ ತಳ್ಳುವುದಿಲ್ಲ, ಹಿಡಿದು ನಿಲ್ಲಿಸುತ್ತದೆ. ಆಗ ಎಡ ಕ್ಲಚ್ ಒತ್ತಿದರೆ ಎಡ ಚಕ್ರ ಆ ಹಿಡಿತ ತಪ್ಪಿಸಿಕೊಂಡು ಮುಂದೆ ಓಡುತ್ತದೆ. ಗಾಡಿ ಬಲಕ್ಕೆ! ಹಾಗಾಗಿ ಇಳಿಯುವಾಗ ಈ ಕ್ಲಚ್‌ಗಳ ಸುದ್ದಿಗೇ ಹೋಗಬೇಡಿ. ಇಳಿಯುವ ಮೊದಲೇ ಸಣ್ಣ ಗೇರಿಗೆ ಹಾಕಿ, ಟ್ರೈಲರಿನ ಬ್ರೇಕು ಒತ್ತುತ್ತಾ, ಹ್ಯಾಂಡಲನ್ನೇ ದೂಡಿ ತಿರುಗಿಸಿ. ನಡುವೆ ಗೇರು ಬದಲಾಯಿಸುವುದು, ನ್ಯೂಟ್ರಲ್ ಮಾಡುವುದು ಎರಡೂ ಬೇಡ.

ಟಿಲ್ಲರ್ ಓಡಿಸುವ ಮಗನಿಗೆ, ಕೆಲಸದವರಿಗೆ ಇದನ್ನು ಮೊದಲ ದಿನವೇ ಖಾಲಿ ಗಾಡಿಯಲ್ಲಿ ಕಲಿಸಿ.

ರೋಟರಿ ಎಲ್ಲರಿಗೂ ಬೇಕೇ?

ಗದ್ದೆ, ತರಕಾರಿ, ಶುಂಠಿ ಇದ್ದವರಿಗೆ ರೋಟರಿ ಬೇಕೇ ಬೇಕು. ಸುಮಾರು ಎರಡಡಿ ಅಗಲ ಮಣ್ಣು ಹುಡಿ ಮಾಡುತ್ತದೆ. ಅಲಗುಗಳಲ್ಲಿ ಎಡ ಬಾಗಿನವು, ಬಲ ಬಾಗಿನವು ಎಂದು ಎರಡು ಜಾತಿ. ಒಂದು ಬಿಟ್ಟು ಒಂದು ಜೋಡಿಸಿದರೆ ನೆಲ ಸಮ. ಎಲ್ಲವನ್ನೂ ಒಳಮುಖ ಜೋಡಿಸಿದರೆ ನಡುವೆ ಮಣ್ಣು ಏರುತ್ತದೆ, ಹೊರಮುಖವಾದರೆ ನಡುವೆ ಸಾಲು ಬೀಳುತ್ತದೆ. ಇದು ಗೊತ್ತಿದ್ದರೆ ಸಣ್ಣ ಹಿತ್ತಿಲಿಗೆಂದು ಬೇರೆ ನೇಗಿಲು ಕೊಳ್ಳಬೇಕಾಗಿಲ್ಲ. ನನಗೆ ಗೊತ್ತಾದದ್ದು ನೇಗಿಲು ತಂದ ಮೇಲೆ!

ಬರೇ ಅಡಿಕೆ ತೋಟ ಇದ್ದವರು ಎರಡು ಸಲ ಯೋಚಿಸಿ. ಅಡಿಕೆಯ ಆಹಾರ ಹೀರುವ ಬೇರುಗಳು ಹೆಚ್ಚಿನವು ಮೇಲ್ಮಣ್ಣಿನಲ್ಲೇ, ಬುಡದ ಸುತ್ತಲೇ ಇರುತ್ತವೆ. ಅಲ್ಲಿ ರೋಟರಿ ಬಿಟ್ಟರೆ ಕಳೆಯೊಂದಿಗೆ ಬೇರೂ ಹೋಗುತ್ತದೆ.

ಕೇಜ್ ವೀಲ್ ಕೆಸರು ಗದ್ದೆಗೆ ಮಾತ್ರ. ಕೊಳ್ಳುವುದಾದರೆ ನಿಮ್ಮ ಟಿಲ್ಲರಿನ ಆಕ್ಸಲಿಗೆ ಕೂರುತ್ತದೆಯೇ ಎಂದು ಹಾಕಿಸಿಯೇ ನೋಡಿ. ಅದನ್ನು ಹಾಕಿಕೊಂಡು ರಸ್ತೆಯಲ್ಲಿ ಹೋಗಬೇಡಿ.

ಮದ್ದು ಬಿಡುವ ಪಂಪು

ಅಡಿಕೆಯವರಿಗೆ ಟ್ರೈಲರಿನ ನಂತರ ಉಪಯೋಗ ಇದರದ್ದೇ. ಟಿಲ್ಲರಿನ ಇಂಜಿನಿಗೆ ಬೆಲ್ಟ್ ಹಾಕಿ ಪಿಸ್ಟನ್ ಪಂಪು ಓಡಿಸಬಹುದು. ಇನ್ನೊಂದು ಇಂಜಿನಿನ ಖರ್ಚು ಉಳಿಯುತ್ತದೆ. ಆದರೆ ನಾವು ಬಿಡುವುದು ಬೋರ್ಡೋ. ಅದರ ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ದ್ರಾವಣ ತಾಗುವ ಭಾಗಗಳು ಹಿತ್ತಾಳೆಯದೋ ಸ್ಟೀಲಿನದೋ ಎಂದು ಕೇಳಿಯೇ ತನ್ನಿ. ವಾಪಸು ಬರುವ ಪೈಪನ್ನು ಬ್ಯಾರೆಲಿಗೇ ಬಿಡಿ. ದ್ರಾವಣ ತಾನಾಗಿ ಕಲಕುತ್ತಿರುತ್ತದೆ, ಸುಣ್ಣ ತಳ ಹಿಡಿಯುವುದಿಲ್ಲ. ಸಂಜೆ ಹತ್ತು ನಿಮಿಷ ಬರೇ ನೀರು ಓಡಿಸಿ ತೊಳೆಯಿರಿ. ತಿರುಗುವ ಬೆಲ್ಟಿಗೆ ತಗಡಿನ ಮರೆ ಇರಲಿ. ಸೀರೆಯ ಸೆರಗು, ಲುಂಗಿ, ಬೈರಾಸು ಸಿಕ್ಕಿಕೊಳ್ಳಲು ಕ್ಷಣ ಸಾಕು.

ಸೆಲ್ಫ್ ಸ್ಟಾರ್ಟ್

ಐಷಾರಾಮವೆಂದು ನಗಬೇಡಿ. ಹ್ಯಾಂಡಲ್ ತಿರುಗಿಸುವಾಗ ಇಂಜಿನ್ ಹಿಮ್ಮುಖ ಒದ್ದರೆ ಕೈ ಮುರಿಯುವುದುಂಟು. ವಯಸ್ಸಾದವರು, ಹೆಂಗಸರು ಓಡಿಸುವ ಮನೆಯಲ್ಲಿ ಅದು ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ಓಡಿಸದೆ ಬಿಟ್ಟರೆ ಬ್ಯಾಟರಿ ಕೆಡುತ್ತದೆ. ಹ್ಯಾಂಡಲಿನಲ್ಲೇ ಚಾಲು ಮಾಡುವುದಾದರೆ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟು ಹಿಡಿಯಿರಿ, ಸುತ್ತಿ ಹಿಡಿಯಬೇಡಿ.

ಉಳಿದದ್ದು ಬಾಡಿಗೆಗೆ

ನನ್ನ ಈಗಿನ ಲೆಕ್ಕ ಸುಲಭ. ವರ್ಷಕ್ಕೆ ಇಪ್ಪತ್ತು ದಿನಕ್ಕಿಂತ ಕಡಿಮೆ ಕೆಲಸವಿರುವ ಉಪಕರಣ ಮನೆಗೆ ಬೇಡ. 2014ರ ಬಳಿಕ ನಮ್ಮ ರಾಜ್ಯದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳು ಬಂದಿವೆ, ಬಾಡಿಗೆಗೆ ವಿಚಾರಿಸಬಹುದು. ನೆರೆಕರೆಯ ನಾಲ್ಕು ಮನೆಯವರು ಸೇರಿ ಒಂದು ಕೇಜ್ ವೀಲ್ ತಂದರೂ ಆಯಿತು. ಸಹಾಯಧನ ಯಾವುದಕ್ಕೆ, ಎಷ್ಟು ಎಂದು ಹಣ ಕಟ್ಟುವ ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಕೊಂಡ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಉಳಿಸಿದ ಹಣದಲ್ಲಿ ಒಂದು ಜೊತೆ ಬೆಲ್ಟ್, ನಾಲ್ಕು ರೋಟರಿ ಅಲಗು, ಬೋಲ್ಟು, ಡೀಸೆಲ್ ಫಿಲ್ಟರ್, ಗ್ರೀಸ್ ಗನ್, ಗಾಳಿ ಹಾಕುವ ಪಂಪು ತಂದಿಡಿ. ಕೆಲಸದ ಭರದಲ್ಲಿ ಪೇಟೆಗೆ ಓಡುವುದು ತಪ್ಪುತ್ತದೆ. ಗೇರು ಸಿಕ್ಕಿಸಿ ನಿಲ್ಲಿಸಿದ ಮೇಲೂ ಚಕ್ರಕ್ಕೆ ಅಡ್ಡ ಕೊಡಲು ಎರಡು ಮರದ ತುಂಡು ಟ್ರೈಲರಿನಲ್ಲಿ ಸದಾ ಇರಲಿ. ಇದಕ್ಕೆ ಕಾಸೂ ಬೇಡ.

ನನ್ನ ಟ್ರೈಲರಿನ ಬ್ರೇಕನ್ನು ಈಗ ಪ್ರತಿ ತಿಂಗಳು ಬಿಗಿ ಮಾಡುತ್ತೇನೆ. ಆ ಹಲಸಿನ ಮರದಲ್ಲಿ ಟಿಲ್ಲರ್ ಗುದ್ದಿದ ಗಾಯ ಇನ್ನೂ ಇದೆ. ಮನೆಗೆ ಬಂದವರು ಟಿಲ್ಲರ್ ಕೊಳ್ಳುವ ಮಾತೆತ್ತಿದರೆ ಮೊದಲು ಅದನ್ನು ತೋರಿಸುತ್ತೇನೆ, ಆಮೇಲೆ ಟಿಲ್ಲರ್ ತೋರಿಸುತ್ತೇನೆ. ನಿಮ್ಮ ಅನುಭವ ಬೇರೆ ಇದ್ದರೆ ಬರೆಯಿರಿ, ನಾಲ್ಕು ಜನರಿಗೆ ಉಪಕಾರವಾದೀತು.